ಕರೆ ಪುಸ್ತಕದ ಆರು ಹೆಸರು

ಹಿರೇಕಣಿವೆಯ ಅಗ್ನಿಶಾಮಕ ಠಾಣೆಗೆ ಕರೆ ಬಂದರೆ ಎರಡು ಕೆಲಸ ಆಗಬೇಕಿತ್ತು. ನೀರಿನ ಗಾಡಿ ಗೇಟು ದಾಟಬೇಕು. ಅದಕ್ಕೆ ಮೊದಲು, ಫೋನಿನ ಪಕ್ಕ ಮೇಜಿನ ಮೇಲಿದ್ದ ಕರೆ ಪುಸ್ತಕದಲ್ಲಿ ಗಾಡಿ ಹತ್ತಿದವರ ಹೆಸರು ಬರೆಯಬೇಕು. ಗಾಡಿಗೆ ಆರು ಜನ ಎಂಬುದು ನಿಯಮ. ಒಬ್ಬ ಓಡಿಸಲಿಕ್ಕೆ ಮತ್ತು ಪಂಪು ನೋಡಿಕೊಳ್ಳಲಿಕ್ಕೆ, ಒಬ್ಬ ಮುಂದಾಳು, ಉಳಿದ ನಾಲ್ವರು ಪೈಪಿಗೆ, ಏಣಿಗೆ, ಹಗ್ಗಕ್ಕೆ.

ಹೊಳಲ್ಕೆರೆಯಿಂದ ಹೊಸದುರ್ಗದ ಕಡೆಗೆ ಹೋಗುವಾಗ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣತೊಡಗುವ ತಿರುವಿನಲ್ಲಿ ಆ ಠಾಣೆ. ಕಟ್ಟಿಸಿದಾಗ ಇಪ್ಪತ್ತಾರು ಜನರಿಗೆಂದು ಕಟ್ಟಿಸಿದ್ದರು. ನಿವೃತ್ತರಾದವರ ಜಾಗಕ್ಕೆ ಹೊಸಬರು ಬರಲಿಲ್ಲ. ಬಂದವರಲ್ಲಿ ಕೆಲವರು ಬೇರೆ ಕಡೆ ನಿಯೋಜನೆಯೆಂದು ಹೋದರು. ಈಗ ಉಳಿದವರು ಹನ್ನೊಂದು. ಪಾಳಿ ಹಂಚಿದರೆ ಒಂದು ಹೊತ್ತಿಗೆ ನಾಲ್ವರು. ಯಾರದಾದರೂ ಮನೆಯಲ್ಲಿ ಮದುವೆಯೋ ಮೈಗೆ ಹುಷಾರಿಲ್ಲದ್ದೋ ಆದರೆ ಮೂವರು. ಆರು ಇಲ್ಲದಿದ್ದರೆ ಗಾಡಿ ಹೊರಡಬಾರದು ಎಂದು ಕಾಗದ ಹೇಳುತ್ತಿತ್ತು. ಬೆಂಕಿ ಬಿದ್ದವರಿಗೆ ಆ ಮಾತು ಹೇಳಲಿಕ್ಕೆ ಬರುತ್ತದೆಯೇ? ಹೀಗೆ ಶುರುವಾದದ್ದು ಹೆಸರು ಕೂಡಿಸುವ ಪದ್ಧತಿ. ಹೋಗುವವರು ಮೂವರಾದರೆ ಮನೆಯಲ್ಲಿದ್ದ ಮೂವರ ಹೆಸರನ್ನೂ ಬರೆದು ಆರು ಮಾಡುವುದು.

ಅದನ್ನು ಸುಳ್ಳು ಎಂದು ಯಾರೂ ಅಂದುಕೊಂಡಿರಲಿಲ್ಲ. ಮರುದಿನ ಪಾಳಿಗೆ ಬಂದವನಿಗೆ ಉಳಿದವರು ಹೇಳುತ್ತಿದ್ದರು. "ನಿನ್ನೆ ನೀನು ತಾಳ್ಯದಾಗೆ ಬಣವೆ ಆರ್ಸಿ ಬಂದೆ ಕಣಪ್ಪ."

"ಹೌದಾ? ಪೂರ್ತಿ ಆರ್ತಾ?"

"ನೀನಿದ್ದೆಯಲ್ಲ, ಆರದೆ ಏನು."

ಹಾಗೆ ನಕ್ಕು ಚಹಾ ಕುಡಿಯುತ್ತಿದ್ದರು. ಹೆಸರು ಕೊಡುವುದು ಅಲ್ಲಿ ಒಬ್ಬರಿಗೊಬ್ಬರು ಮಾಡುವ ಉಪಕಾರವಾಗಿತ್ತು.

ಬರೆಯುವವನು ಬಹುಮಟ್ಟಿಗೆ ಓಬಳೇಶ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯವನು, ನಲವತ್ತೆರಡು ವರ್ಷ, ಪಾಳಿಯ ಮುಂದಾಳು. ಅವನ ಅಕ್ಷರ ದುಂಡಗಿತ್ತು. ಅವನ ಪಾಳಿಯಲ್ಲೇ ಮಾರುತೇಶ. ಇಬ್ಬರೂ ಒಂದೇ ಸಲ ಕೆಲಸಕ್ಕೆ ಸೇರಿದವರು, ತರಬೇತಿಯಲ್ಲಿ ಒಂದೇ ಕೋಣೆಯಲ್ಲಿ ಇದ್ದವರು. ಎರಡು ವರ್ಷ ಚಿಕ್ಕವನೆಂದು ಮಾರುತೇಶ ಅವನನ್ನು ಅಣ್ಣ ಎನ್ನುತ್ತಿದ್ದ. ಪೈಪು ಹಿಡಿಯುವಾಗ ಓಬಳೇಶ ಮುಂದೆ, ಮಾರುತೇಶ ಹಿಂದೆ. ಹದಿನಾರು ವರ್ಷದಲ್ಲಿ ಆ ಜಾಗ ಬದಲಾದದ್ದು ಕಡಿಮೆ. ನೀರಿನ ಒತ್ತಡ ಏರಿದಾಗ ಹಿಂದಿನವನ ಭುಜ ಬೆನ್ನಿಗೆ ಒತ್ತಿಕೊಂಡರೆ ಮುಂದಿನವನಿಗೆ ಧೈರ್ಯ. ಹಿಂತಿರುಗಿ ನೋಡದೆಯೇ ಅದು ಮಾರುತೇಶನ ಭುಜ ಎಂದು ಓಬಳೇಶನಿಗೆ ತಿಳಿಯುತ್ತಿತ್ತು.

ಶಿವರಾತ್ರಿಗೆ ಇನ್ನೂ ಹತ್ತು ದಿನವಿತ್ತು. ಬೆಳಿಗ್ಗೆ ಹಾಜರಿ ಆದ ಮೇಲೆ ಮಾರುತೇಶ ಓಬಳೇಶನನ್ನು ಗಾಡಿಯ ಹಿಂಬದಿಗೆ ಕರೆದ.

"ಅಣ್ಣ, ಚೌಡೇಶ್ವರಿನ ನೋಡಕ್ಕೆ ಗಂಡಿನ ಕಡೆಯೋರು ಬರ್ತಾರೆ. ನಾನಿಲ್ದಿದ್ರೆ ಅಪ್ಪ ಒಬ್ಬನೇ. ಆತ ಮಾತಾಡಕ್ಕೆ ಶುರು ಮಾಡಿದ್ರೆ ಬಂದೋರು ಎದ್ದೇ ಹೋಗ್ತಾರೆ."

ಚೌಡೇಶ್ವರಿ ಅವನ ಕೊನೆಯ ತಂಗಿ. ಮನೆ ತಾಳ್ಯದಲ್ಲಿ.

"ರಜ ಕೇಳ್ದ್ಯಾ?"

"ಕೇಳಿದ್ರೆ ಕೊಡಲ್ಲ, ಮೂರು ಜನ ಆಗ್ಲೇ ರಜದಾಗವ್ರೆ. ಮೂರು ಗಂಟೆಗೆ ಬಂದ್ಬಿಡ್ತೀನಿ. ಹೆಸರಿರ್ಲಿ."

ಎರಡು ವರ್ಷದ ಹಿಂದೆ ಹೇಳದೆ ಹೋಗಿ ಸಿಕ್ಕಿಬಿದ್ದು ಅವನಿಗೊಂದು ನೋಟಿಸು ಆಗಿತ್ತು. ಇನ್ನೊಂದಾದರೆ ಕೆಲಸ ಉಳಿಯುವುದಿಲ್ಲವೆಂದು ಅಂದೇ ಹೇಳಿದ್ದರು. ಅದು ಓಬಳೇಶನಿಗೆ ಗೊತ್ತಿತ್ತು. ಠಾಣಾಧಿಕಾರಿ ಗಂಗಾಧರಪ್ಪನವರು ಅವತ್ತು ಚಿತ್ರದುರ್ಗಕ್ಕೆ ಮೀಟಿಂಗಿಗೆ ಹೋಗಿದ್ದರು.

"ಹೋಗಪ್ಪ," ಎಂದ ಓಬಳೇಶ. "ಕರೆ ಬಂದ್ರೆ ನೀನೇ ಮುಂದೆ ನಿಂತು ಆರ್ಸಿದೆ ಅಂತ ಬರಿತೀನಿ. ಬೀಗರಿಗೆ ತೋರ್ಸಕ್ಕಾತು."

ಮಾರುತೇಶ ನಗುತ್ತಾ ಬೈಕು ಹತ್ತಿದ.

ಹನ್ನೊಂದು ಗಂಟೆಗೆ ಕರೆ ಬಂತು. ಫೋನು ಎತ್ತಿದವನು ಮೂರ್ತಪ್ಪ, ಐವತ್ತು ದಾಟಿದ ಹೋಮ್‌ಗಾರ್ಡು.

"ಬಿಳಿಕಲ್ಲಹಟ್ಟಿಯಂತೆ. ಕಣದಾಗಿನ ಬಣವೆಗಳು. ಪಕ್ಕದಾಗೇ ದನದ ಕೊಟ್ಟಿಗೆ ಐತಂತೆ."

ಓಬಳೇಶ ನಿಂತುಕೊಂಡೇ ಆರು ಹೆಸರು ಬರೆದ. ಓಬಳೇಶ, ಮಾರುತೇಶ, ಡ್ರೈವರ್ ಉಗ್ರಪ್ಪ, ನಾಗರಾಜ, ಮತ್ತೆ ರಜೆಯ ಮೇಲಿದ್ದ ಇಬ್ಬರು. ಸಹಿ ಮಾಡಿದ. ಗಾಡಿ ಹತ್ತಿದವರು ಅವನು, ಉಗ್ರಪ್ಪ, ನಾಗರಾಜ.

ದಾರಿಯಲ್ಲಿ ಎರಡು ಕಡೆ ಹುರುಳಿ ಹರವಿದ್ದರು. ಓಡಾಡುವ ಗಾಡಿಗಳೇ ತುಳಿದು ಕಾಳು ಉದುರಿಸಲಿ ಎಂದು ಟಾರು ರಸ್ತೆಯ ಉದ್ದಕ್ಕೂ ಹರವುವುದು ಆ ಕಡೆಯ ರೂಢಿ. ಹುರುಳಿ ಸೊಪ್ಪು ಇಂಜಿನ್ನಿನ ಕೆಳಗೆ ಸುತ್ತಿಕೊಂಡರೆ ಅಲ್ಲೇ ಬೆಂಕಿ. ಉಗ್ರಪ್ಪ ಗೇರು ಇಳಿಸಿ ಬೈಯುತ್ತಾ ಸಾಗಿಸಿದ. "ಬೆಂಕಿ ಆರ್ಸೋ ಗಾಡಿಗೇ ಬೆಂಕಿ ಹತ್ತಿದ್ರೆ ಯಾವನಿಗೆ ಫೋನ್ ಮಾಡೋದಲೇ?"

ಬಿಳಿಕಲ್ಲಹಟ್ಟಿಯ ಕಣದಲ್ಲಿ ಏಳು ಬಣವೆ, ನಾಲ್ಕಕ್ಕೆ ಹತ್ತಿತ್ತು. ಗಾಳಿ ಗುಡ್ಡದಿಂದ ಇಳಿದು ಕೊಟ್ಟಿಗೆಯ ಕಡೆಗೆ ಬೀಸುತ್ತಿತ್ತು. ಊರವರು ಕೊಡಗಳಲ್ಲಿ ನೀರು ತಂದು ದೂರದಿಂದಲೇ ಎರಚುತ್ತಿದ್ದರು. ಉಗ್ರಪ್ಪ ಪಂಪು ಬಿಟ್ಟು ಕದಲುವಂತಿರಲಿಲ್ಲ. ಎಮ್ಮೆಗಳ ಹಗ್ಗ ಕೊಯ್ಯಲಿಕ್ಕೆ ನಾಗರಾಜನನ್ನು ಕೊಟ್ಟಿಗೆಯೊಳಗೆ ಕಳಿಸಬೇಕಾಯಿತು. ಪೈಪಿಗೆ ಉಳಿದವನು ಓಬಳೇಶ ಒಬ್ಬನೇ. ನೀರು ತುಂಬಿಕೊಂಡ ಪೈಪು ಅವನನ್ನೇ ಎಳೆದಾಡಿತು. ಎರಡು ಹೆಜ್ಜೆ ಹಿಂದಕ್ಕೆ ಜಾರಿ, ಮತ್ತೆ ಕಾಲು ಊರಿ ನಿಂತ. ಆಗ ಬೆನ್ನಿಗೆ ಒಂದು ಭುಜ ಒತ್ತಿಕೊಂಡಿತು. ತಿರುಗಿ ನೋಡಿದರೆ ಅರವತ್ತರ ಒಬ್ಬ ಹೆಂಗಸು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಪೈಪನ್ನು ಸೊಂಟಕ್ಕೆ ಅವುಚಿಕೊಂಡಿದ್ದಳು.

"ನೀನು ಹೊಡಿಯಪ್ಪ. ನಾನು ಬಿಡಲ್ಲ."

ಬಣವೆ ಅವಳದೇ. ಹೆಸರು ಮುದ್ದಕ್ಕ. ಕಾಲು ಗಂಟೆ ಅವಳು ಬಿಡಲಿಲ್ಲ. ಐದನೆಯ ಬಣವೆ ಉಳಿಯಿತು, ಕೊಟ್ಟಿಗೆಯ ಸೂರು ತೊಯ್ದು ಉಳಿಯಿತು. ಅಷ್ಟರಲ್ಲಿ ನಾಗರಾಜ ಬಿಟ್ಟ ಎಮ್ಮೆಯೊಂದು ಬೆದರಿ, ಹೊರಗೆ ಓಡುವ ಬದಲು ಉರಿಯುವ ಕಡೆಗೇ ನುಗ್ಗಿತು. ಮುದ್ದಕ್ಕ ಅದರ ಹೆಸರು ಹಿಡಿದು ಕೂಗಿ ಪೈಪು ಬಿಟ್ಟು ಓಡಿದಳು. ಒಬ್ಬನ ಕೈಗೇ ಉಳಿದ ಪೈಪು ಹಗ್ಗ ಕಿತ್ತ ಹೋರಿಯಂತೆ ಎಗರಿತು. ಅದರ ಹಿತ್ತಾಳೆ ಮೂತಿ ಓಬಳೇಶನ ಬಲಗೈಗೆ ಬಡಿಯಿತು. ಮಣಿಕಟ್ಟಿನ ಮೇಲೆ ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು. ಅದೇ ಕೈ ಊರಿ ಅವನು ಬಿದ್ದದ್ದು ಕೆಂಡದ ಮೇಲೆ.

ದುರ್ಗದ ಆಸ್ಪತ್ರೆಯಲ್ಲಿ ಮೂರು ದಿನ ಮಾರುತೇಶ ಮಂಚದ ಪಕ್ಕದಿಂದ ಏಳಲಿಲ್ಲ. ಓಬಳೇಶನ ಹೆಂಡತಿ ಈರಕ್ಕನನ್ನು ಮಕ್ಕಳಿದ್ದಾರೆಂದು ಮನೆಗೆ ಕಳಿಸಿ ತಾನೇ ಉಳಿದ. ಮೀಸೆ ಬಂದ ಗಂಡಸಿಗೆ ಮುದ್ದೆ ಮುರಿದು ಬಾಯಿಗಿಟ್ಟ.

"ನುಂಗಣ್ಣ. ಅಗಿದ್ರೆ ಮುದ್ದೆಗೆ ಅವಮಾನ."

"ತಂಗಿ ವಿಷ್ಯ ಏನಾತು?"

"ಒಪ್ಪಿದ್ರು. ಅದಿರ್ಲಿ, ನನ್ನಿಂದ ನಿನಗೆ ಹಿಂಗಾತಲ್ಲ. ನಾನಿದ್ದಿದ್ರೆ ಬಿಡ್ತಿದ್ನಾ?"

ಅವನು ನಿಜವಾಗಿಯೂ ಅತ್ತ. ಅದು ಸುಳ್ಳೆಂದು ಓಬಳೇಶನಿಗೆ ಆಮೇಲೆ ಕೂಡ ಅನ್ನಿಸಲಿಲ್ಲ. ಅತ್ತಾದ ಮೇಲೆ ಕೇಳಿದ, ಹೇಳಣ್ಣ, ಏನಾತು ಪೂರ್ತಿ ಹೇಳು. ಮಲಗಿ ಮಲಗಿ ಬೇಸತ್ತಿದ್ದ ಓಬಳೇಶ ಎಲ್ಲವನ್ನೂ ಹೇಳಿದ. ಹುರುಳಿ ಹರವಿದ ರಸ್ತೆ, ಉಗ್ರಪ್ಪನ ಬೈಗುಳ, ಬಾವಿಯ ಪಕ್ಕಕ್ಕೆ ಗಾಡಿ ನಿಲ್ಲಿಸಿದ್ದು, ಸೊಂಟಕ್ಕೆ ಪೈಪು ಅವುಚಿಕೊಂಡ ಮುದ್ದಕ್ಕ, ಎಮ್ಮೆ. "ಗಾಳಿ ಯಾವ ಕಡೆಗಿತ್ತು?" ಎಂದು ಮಾರುತೇಶ ಕೇಳಿದ. "ಪೈಪು ಬಿಟ್ಟಾಗ ನೀನು ಎಷ್ಟು ಮುಂದಿದ್ದೆ?" ಇಷ್ಟು ಮನಸ್ಸಿಟ್ಟು ಹೆಂಡತಿಯೂ ಕೇಳುವುದಿಲ್ಲವಲ್ಲ ಎಂದುಕೊಂಡು ಓಬಳೇಶ ಬಿಡಿಸಿ ಬಿಡಿಸಿ ಹೇಳಿದ.

"ವಿಚಾರಣೆ ಗಿಚಾರಣೆ ಅಂತ ಬಂದ್ರೆ," ಎಂದ ಮಾರುತೇಶ ಹೊರಡುವ ದಿನ, "ನಾನಿರ್ಲಿಲ್ಲ ಅಂತ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬ್ಯಾಡ. ನೀನು ಬರ್ದಿದ್ದು ನನಗೋಸ್ಕರ."

ಐದು ವಾರ ಕಳೆಯಿತು. ಕೈ ಇನ್ನೂ ಪಟ್ಟಿಯಲ್ಲಿದ್ದಾಗಲೇ ಗಂಗಾಧರಪ್ಪನವರು ಕರೆಸಿದರು. ನಿವೃತ್ತಿಗೆ ಹತ್ತು ತಿಂಗಳಿದ್ದ ಮನುಷ್ಯ. ಹಣೆಯ ತುಂಬ ವಿಭೂತಿ, ಗಟ್ಟಿಯಾಗಿ ಮಾತಾಡಿದವರಲ್ಲ.

"ಬಾ, ಕುಂತ್ಕ. ಕೈ ಹೆಂಗೈತೆ?"

"ಬೆರಳು ಆಡ್ತಾವೆ ಸಾರ್."

"ಮೇಲಿನೋರು ಒಂದು ಕೇಳ್ಯಾರೆ. ಆರು ಜನ ಇದ್ದು ಪೈಪು ಹೆಂಗೆ ಕೈ ತಪ್ತು ಅಂತ."

"ಆರು ಜನ ಎಲ್ಲಿದ್ರು ಸಾರ್?"

ಗಂಗಾಧರಪ್ಪನವರು ಕಿಟಕಿಯ ಕಡೆ ನೋಡಿದರು. "ಪುಸ್ತಕದಾಗೆ ಇದ್ರಲ್ಲಪ್ಪ. ಆ ಪುಸ್ತಕ ನೋಡ್ಕಂಡೇ ನಾನು ತಿಂಗಳಾ ತಿಂಗಳಾ ವರದಿ ಕಳ್ಸಿರೋದು."

ಮುಂದಿನ ಸೋಮವಾರ ವಿಚಾರಣಾಧಿಕಾರಿ ಬರುತ್ತಾರೆ ಎಂದರು. ಕರ್ತವ್ಯದಲ್ಲಿ ಆದ ಗಾಯ ಎಂದು ಬರೆದರೆ ಕೈ ಕೂಡಿದ ಮೇಲೆ ಓಬಳೇಶ ಮತ್ತೆ ಗಾಡಿ ಹತ್ತಬಹುದು. ಸ್ವಂತ ತಪ್ಪಿನಿಂದ ಎಂದು ಬರೆದರೆ ಆರೋಪ ಪಟ್ಟಿ ಬರುತ್ತದೆ, ಗಾಡಿಯಿಂದ ಇಳಿಸುತ್ತಾರೆ, ಆಮೇಲಿನದು ದೇವರಿಗೇ ಗೊತ್ತು. ಉಳಿದವರ ಹೇಳಿಕೆ ಆಗಲೇ ಬಂದಿತ್ತು. ಅದರಲ್ಲಿ ಒಂದನ್ನು ಅವರು ಮೇಜಿನ ಈಚೆಗೆ ಸರಿಸಿದರು.

"ನಾನು ತೋರ್ಸ್ಬಾರ್ದು. ಓದ್ಕ."

ಮಾರುತೇಶನ ಹೇಳಿಕೆ. ಓಬಳೇಶ ಎಡಗೈಯಲ್ಲಿ ಕಾಗದ ಹಿಡಿದು ಓದಿದ.

'ಸದರಿ ದಿನ ನಾನು ಕರ್ತವ್ಯದಲ್ಲಿದ್ದು, ಗಾಡಿಯನ್ನು ಬಾವಿಯ ಪಕ್ಕ ನಿಲ್ಲಿಸಿದ ನಂತರ ಪೈಪನ್ನು ಸೊಂಟಕ್ಕೆ ಅವುಚಿಕೊಂಡು, ಎಡಭುಜವನ್ನು ಓಬಳೇಶರವರ ಬೆನ್ನಿಗೆ ಒತ್ತಿ ಹಿಡಿದು ನಿಂತಿದ್ದೆನು. ಸುಮಾರು ಹದಿನೈದು ನಿಮಿಷದ ನಂತರ ಒಂದು ಎಮ್ಮೆಯು ಬೆಂಕಿಯ ಕಡೆಗೆ ನುಗ್ಗಿದ್ದನ್ನು ಕಂಡು ಓಬಳೇಶರವರು ನನಗೆ ಯಾವುದೇ ಸೂಚನೆ ನೀಡದೆ ಏಕಾಏಕಿ ಮುಂದಕ್ಕೆ ಓಡಿದ್ದರಿಂದ ಪೈಪು ನನ್ನ ಕೈತಪ್ಪಿತು...'

ಎರಡು ಸಲ ಓದಿದ. ಹೊಸದಾಗಿ ಕಟ್ಟಿದ ಸುಳ್ಳು ಎಂದರೆ ತಾನು ಓಡಿದೆನೆಂಬ ಒಂದೇ ಸಾಲು. ಉಳಿದದ್ದೆಲ್ಲ ಆಸ್ಪತ್ರೆಯ ಮಂಚದಲ್ಲಿ ಮಲಗಿ ತಾನೇ ಹೇಳಿದ್ದು. ಸೊಂಟಕ್ಕೆ ಅವುಚಿಕೊಂಡು ಎಂಬ ಮಾತು ಕೂಡ ತನ್ನದೇ. ಮುದ್ದಕ್ಕನನ್ನು ಅಲ್ಲಿಂದ ಎತ್ತಿ ಆ ಜಾಗದಲ್ಲಿ ಮಾರುತೇಶ ನಿಂತುಕೊಂಡಿದ್ದ.

"ಉಗ್ರಪ್ಪ ಏನಂದವ್ನೆ ಸಾರ್? ನಾಗರಾಜ?"

"ಪುಸ್ತಕದಾಗೆ ಇದ್ದಂಗೆ ಅಂದವ್ರೆ. ಅವ್ರ ಹೆಸರೂ ಎಷ್ಟೋ ದಿನ ಹೋಗದೇ ಹೋದಂಗೆ ಐತಲ್ಲ ಅದರಾಗೆ."

ಓಬಳೇಶ ಎದ್ದ. ಕಾಗದವನ್ನು ಅವರ ಕಡೆಗೇ ಸರಿಸಿದ. ಹೊರಗೆ ಮಾರುತೇಶ ಗಾಡಿ ತೊಳೆಯುತ್ತಿದ್ದ. ಇವನನ್ನು ನೋಡಿ ಗಾಡಿಯ ಆಚೆ ಬದಿಗೆ ಹೋಗಿ ಅಲ್ಲಿ ತೊಳೆಯತೊಡಗಿದ.

ಭಾನುವಾರ ಬೆಳಿಗ್ಗೆ ಓಬಳೇಶ ಬಸ್ಸು ಹಿಡಿದು ಬಿಳಿಕಲ್ಲಹಟ್ಟಿಗೆ ಹೋದ. ದಾರಿಯುದ್ದಕ್ಕೂ ಒಂದೇ ಲೆಕ್ಕ. ಮುದ್ದಕ್ಕ ಸೋಮವಾರ ಬಂದು, ಪೈಪು ಹಿಡಿದವಳು ನಾನು ಎಂದು ಒಂದು ಮಾತು ಹೇಳಿದರೆ ಸಾಕು. ಇಲಾಖೆಯವರಲ್ಲದ ಸಾಕ್ಷಿ. ಯಾರ ಪುಸ್ತಕವೂ ಅವಳನ್ನು ಅಲ್ಲಗಳೆಯಲಾರದು.

ಕಣದಲ್ಲಿ ಬೂದಿ ಗುಡಿಸಿ ತಿಪ್ಪೆಗೆ ಹಾಕಿದ್ದರು. ಉಳಿದ ಬಣವೆಗಳಲ್ಲಿ ಒಂದನ್ನು ಅರ್ಧ ಕಿತ್ತಿದ್ದರು. ಮುದ್ದಕ್ಕ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಇವನನ್ನು ಕಂಡು ಹುಲ್ಲು ಅಲ್ಲೇ ಬಿಟ್ಟು ಬಂದಳು. ಪಟ್ಟಿ ಕಟ್ಟಿದ ಕೈಯನ್ನು ಮುಟ್ಟಲೋ ಬೇಡವೋ ಎಂಬಂತೆ ಅದರ ಮೇಲೆ ತನ್ನ ಕೈ ಆಡಿಸಿದಳು.

"ಬಾರಪ್ಪ. ಬಿಸ್ಲಾಗೆ ಬಂದಿದೀಯ. ಕುಂತ್ಕ."

ಒಂದು ಚೊಂಬು ಮಜ್ಜಿಗೆ ತಂದು ಕೊಟ್ಟಳು. ಅವನು ಕುಡಿಯುವುದನ್ನೇ ನೋಡುತ್ತಾ ಕಂಬಕ್ಕೆ ಒರಗಿ ಕೂತಳು.

"ನಿನ್ನ ಜೊತಿಯೋನು ಬಂದಿದ್ನಲ್ಲಪ್ಪ. ಮಾರುತೇಶ ಅಂತ. ಒಂದು ತಿಂಗ್ಳಾತು."

ಓಬಳೇಶ ಚೊಂಬು ಕೆಳಗಿಟ್ಟ. "ಯಾಕೆ?"

"ಕಣ ಎಲ್ಲ ಅಡ್ಡಾಡ್ದ. ಗಾಡಿ ಎಲ್ಲಿ ನಿಂತಿತ್ತು, ಗಾಳಿ ಎತ್ಲಾಗಿತ್ತು, ಎಮ್ಮಿ ಎಲ್ಲಿಂದ ಬಂತು ಅಂತ ಕೇಳ್ದ. ನಿಂಗೋಸ್ಕರ ಕೇಳ್ತಾನೆ ಅಂತ ಎಲ್ಲ ತೋರ್ಸ್ದೆ." ಅವಳ ದನಿ ಇಳಿಯಿತು. "ಆಮ್ಯಾಕೆ ಒಂದು ಮಾತಂದ. ಅವ್ವ, ನೀನು ಪೈಪು ಬಿಟ್ಟಿದ್ದಕ್ಕೇ ಅವನ ಕೈ ಮುರ್ದಿರೋದು. ಸರ್ಕಾರದ ಪೈಪು ಮುಟ್ಟಿದ್ದೇ ತಪ್ಪು, ಗೊತ್ತಾದ್ರೆ ಪೊಲೀಸ್ನೋರು ಕೇಸ್ ಹಾಕ್ತಾರೆ. ಯಾರನ್ನ ಕೇಳಿದ್ರೂ ನಾನು ಮನ್ಯಾಗೆ ಇದ್ದೆ ಅನ್ನು, ಅಂದ."

ಎಮ್ಮೆ ಹುಲ್ಲಿಗಾಗಿ ಒಮ್ಮೆ ಕೂಗಿತು. ಅವಳು ಅತ್ತ ನೋಡಲಿಲ್ಲ.

"ಕೇಸಿಗೆ ನಾನು ಹೆದ್ರಲ್ಲಪ್ಪ, ಈ ವಯಸ್ಸಿಗೆ ನನ್ನ ಎಲ್ಲಿಗೆ ಕರ್ಕಂಡು ಹೋದಾರು. ಆದ್ರೆ ಅವತ್ತಿನಿಂದ ಅನ್ನ ಇಳಿವಲ್ದು. ನೀನೇ ಹೇಳು. ನಾನು ಕೈ ಬಿಟ್ಟಿದ್ದಕ್ಕೇ ಹಿಂಗಾತಾ?"

ಅವನು ಬಂದದ್ದು ಸಾಕ್ಷಿ ಕೇಳಲಿಕ್ಕೆ. ಇವಳು ಬಂದು ಪೈಪು ಹಿಡಿದದ್ದು ನಾನು ಎಂದರೆ, ಬಿಟ್ಟದ್ದೂ ನಾನು ಎಂದೇ ಹೇಳಬೇಕು. ಅದನ್ನು ಬರೆದುಕೊಳ್ಳುತ್ತಾರೆ, ಓದಿ ಹೇಳುತ್ತಾರೆ, ಹೆಬ್ಬೆಟ್ಟು ಒತ್ತಿಸುತ್ತಾರೆ. ಈಗ ಕೇಳುತ್ತಿರುವ ಪ್ರಶ್ನೆಗೆ ಆಗ ಸರ್ಕಾರದ ಕಾಗದವೇ ಹೌದು ಎಂದು ಉತ್ತರ ಕೊಟ್ಟಂತಾಗುತ್ತದೆ. ಮಾರುತೇಶ ತನ್ನನ್ನು ಕೆಡಿಸಿದ್ದಲ್ಲದೆ, ತಾನು ಹೋಗಿ ನಿಲ್ಲಬಹುದಾಗಿದ್ದ ಒಂದೇ ಬಾಗಿಲಿಗೂ ಮುಂಚೆಯೇ ಬಂದು ಚಿಲಕ ಹಾಕಿ ಹೋಗಿದ್ದ. ಒಂದು ತಿಂಗಳ ಹಿಂದೆ. ಆಸ್ಪತ್ರೆಯಿಂದ ಎದ್ದು ಹೋದ ವಾರದಲ್ಲೇ.

"ಇಲ್ಲವ್ವ," ಎಂದ ಓಬಳೇಶ. "ಪಂಪಿನ ಒತ್ತಡ ಜಾಸ್ತಿಯಾಗಿತ್ತು. ನೀನು ಹಿಡ್ಕಂಡಿದ್ರೂ ಅದು ಎಗರ್ತಿತ್ತು. ಇಬ್ರಿಗೂ ಬಡೀತಿತ್ತು."

"ನಿಜ್ವಾ?"

"ಹದಿನಾರು ವರ್ಷ ಮಾಡಿದೀನಿ ಈ ಕೆಲ್ಸ."

ಮುದ್ದಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಊಟ ಮಾಡಿಕೊಂಡು ಹೋಗು ಎಂದು ಹಟ ಹಿಡಿದಳು. ಅವನು ಎಡಗೈಯಲ್ಲಿ ಉಂಡ. ಅವಳೂ ಎದುರಿಗೆ ಕೂತು ಉಂಡಳು. ಸೋಮವಾರದ ಮಾತನ್ನು ಅವನು ಎತ್ತಲಿಲ್ಲ.

ವಿಚಾರಣೆ ಗಂಗಾಧರಪ್ಪನವರ ಕೋಣೆಯಲ್ಲೇ ನಡೆಯಿತು. ಬಂದ ಅಧಿಕಾರಿ ಓಬಳೇಶನಿಗಿಂತ ಚಿಕ್ಕವರು, ಸಭ್ಯರು. ಕೈಯ ಬಗ್ಗೆ ವಿಚಾರಿಸಿ, ಕೂರಲು ಹೇಳಿ, ಕರೆ ಪುಸ್ತಕ ತೆರೆದರು.

"ಇದು ಯಾರ ಅಕ್ಷರ?"

"ನಂದೇ ಸಾರ್."

"ಸಹಿ?"

"ನಂದೇ. ಆದ್ರೆ ಇದ್ರಾಗೆ ಇರೋ ಆರು ಜನದಾಗೆ ಹೋಗಿದ್ದು ಮೂರು ಜನ. ಮಾರುತೇಶ ಇರ್ಲಿಲ್ಲ. ಅವನು ತಾಳ್ಯದಾಗಿದ್ದ."

"ಅವರು ಇದ್ದೆ ಅಂತ ಹೇಳಿದ್ದಾರೆ. ಬೆಂಕಿಯ ವಿವರ ಎಲ್ಲ ಕೊಟ್ಟಿದ್ದಾರೆ. ಅಲ್ಲಿ ಇಲ್ಲದವರು ಇಷ್ಟು ಕೊಡೋದು ಕಷ್ಟ ಅಲ್ವಾ?"

"ನಾನೇ ಹೇಳಿದ್ದು ಅವೆಲ್ಲ. ಆಸ್ಪತ್ರೆಯಾಗೆ."

ಅಧಿಕಾರಿ ಪುಸ್ತಕದ ಮೇಲೆ ಬೆರಳಿಟ್ಟರು. "ಅವತ್ತು ಇದ್ದರು ಅಂತ ಬರೆದವರು ನೀವು. ಇವತ್ತು ಇರಲಿಲ್ಲ ಅನ್ನುವವರೂ ನೀವು. ನಾನು ಯಾವುದನ್ನ ನಂಬಲಿ ಹೇಳಿ. ಸರಿ, ಅವರಿಲ್ಲದಿದ್ದರೆ ನಿಮ್ಮ ಹಿಂದೆ ಪೈಪು ಹಿಡಿದವರು ಯಾರು?"

ಬಾಗಿಲ ಬಳಿ ನಿಂತಿದ್ದ ಉಗ್ರಪ್ಪ ತಲೆಯೆತ್ತಿದ. ಅವನು ಪಂಪಿನ ಹತ್ತಿರದಿಂದ ಮುದ್ದಕ್ಕನನ್ನು ನೋಡಿದ್ದ. ಓಬಳೇಶ ಅವನ ಮುಖ ನೋಡಿದ. ಉಗ್ರಪ್ಪ ತನ್ನ ಬೂಟು ನೋಡಿಕೊಂಡ.

"ಯಾರೂ ಇರ್ಲಿಲ್ಲ ಸಾರ್," ಎಂದ ಓಬಳೇಶ. "ನಾನೊಬ್ಬನೇ ಹಿಡ್ದಿದ್ದೆ."

"ಒಬ್ಬರೇ ಹಿಡಿಯಬಾರದು ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತೈತೆ."

"ಹಾಗಾದರೆ ಅದೂ ನಿಮ್ಮದೇ ತಪ್ಪಾಗುತ್ತೆ."

"ಬರ್ಕಳಿ. ಅದರ ಜೊತೆ ಇದನ್ನೂ ಬರ್ಕಳಿ. ಆ ಪುಸ್ತಕದಾಗೆ ಅವತ್ತಿನ ಒಂದು ಪುಟ ಮಾತ್ರ ಅಲ್ಲ. ಹಿಂದಕ್ಕೆ ತಿರುವಿ. ನಾನು ಆರು ಅಂತ ಬರ್ದಿರೋ ದಿನ ಒಂದು ದಿನಾನೂ ಆರು ಜನ ಹೋಗಿಲ್ಲ."

ಗಂಗಾಧರಪ್ಪನವರು ಸಣ್ಣಗೆ ಕೆಮ್ಮಿದರು. ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತಿತು. ಅವರು ಓಬಳೇಶನನ್ನು ಒಂದು ಕ್ಷಣ ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

"ವಿಚಾರಣೆ ಆ ಒಂದು ದಿನದ್ದಕ್ಕೆ ಮಾತ್ರ," ಎಂದರು.

ಹೇಳಿಕೆ ಓದಿ ಹೇಳಿದರು. ತಾನೇ ಪುಸ್ತಕ ಬರೆದದ್ದಾಗಿ ಒಪ್ಪಿರುತ್ತಾರೆ, ನಿಯಮ ಮೀರಿ ಒಬ್ಬರೇ ಪೈಪು ಹಿಡಿದದ್ದಾಗಿ ಒಪ್ಪಿರುತ್ತಾರೆ. ಉಳಿದದ್ದು ಅದರಲ್ಲಿ ಇರಲಿಲ್ಲ. ಬಲಗೈ ಪಟ್ಟಿಯಲ್ಲಿದ್ದುದರಿಂದ ಎಡಗೈಯ ಹೆಬ್ಬೆಟ್ಟು ಒತ್ತಿಸಿಕೊಂಡರು. ವರದಿ ಹೋಗುವ ತನಕ ಗಾಡಿಯ ಕೆಲಸ ಬೇಡ, ಫೋನಿನ ಹತ್ತಿರವೂ ಬೇಡ, ಮನೆಯಲ್ಲಿರಲಿ ಎಂದರು.

ಹೊರಗೆ ಹೊಂಗೆ ಮರದ ಕೆಳಗೆ ಮಾರುತೇಶ ಕಾಯುತ್ತಿದ್ದ. ಕಣ್ಣು ಕೆಂಪಾಗಿದ್ದವು.

"ನಾನಿರ್ಲಿಲ್ಲ ಅಂದ್ಯಂತೆ."

"ಅಂದೆ."

"ನೀನೇ ಬರ್ದು, ನೀನೇ ಹಂಗಂದ್ರೆ? ನಿನಗೆ ಗಾಯ ಆಗೈತೆ ಅಣ್ಣ, ಗಾಯ ಆದೋನ್ನ ಯಾರೂ ಕೆಲ್ಸದಿಂದ ತೆಗಿಯಲ್ಲ. ನೋಟಿಸು ಇರೋನು ನಾನು. ತಂಗಿ ಮದುವೆ ಬಂದೈತೆ. ಎರಡು ದಿನ ಮುಖ ಸಣ್ಣದು ಮಾಡ್ಕಂಡು ಸುಮ್ನಿದ್ದಿದ್ರೆ ಇಬ್ರದೂ ಉಳೀತಿತ್ತು. ಹದಿನಾರು ವರ್ಷ ಜೊತ್ಯಾಗಿದ್ದು ಹಿಂಗೆ ಮಾಡ್ತೀಯ ಅಂತ ಗೊತ್ತಿರ್ಲಿಲ್ಲ ನನಗೆ."

ಮೋಸ ಹೋದವನು ತಾನೇ ಎಂದು ಅವನು ನಂಬಿದ್ದಾನೆಂದು ಓಬಳೇಶನಿಗೆ ಆಗ ಅರ್ಥವಾಯಿತು. ಬೈಯಲಿಕ್ಕೆಂದು ಕೂಡಿಟ್ಟುಕೊಂಡು ಬಂದ ಮಾತುಗಳನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

"ನನ್ನ ಹೆಸರಿಗೆ ಏನಾರ ಬರೀಸು," ಎಂದ. "ಆ ಮುದುಕಿ ಹತ್ರ ಯಾಕೆ ಹೋದೆ?"

ಮಾರುತೇಶ ಉಗುರಿನಿಂದ ಹೊಂಗೆಯ ತೊಗಟೆ ಕೆರೆಯತೊಡಗಿದ.

"ಒಂದು ತಿಂಗ್ಳಿಂದ ಆಕಿ ಉಂಡಿಲ್ಲ ಕಣಲೇ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು, ಅದರ ಹಿಂದೆಯೇ ಗಂಟೆ. ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಳಗೆ ಹುಲ್ಲಿಗೆ ಬೆಂಕಿ, ತೋಟಗಳ ಕಡೆಗೆ ಇಳಿಯುತ್ತಿದೆ ಎಂದು ಮೂರ್ತಪ್ಪ ಕಿಟಕಿಯಿಂದ ಕೂಗಿ ಹೇಳಿದ. ಉಗ್ರಪ್ಪ ಓಡಿಬಂದು ಗಾಡಿ ಹತ್ತಿದ. ನಾಗರಾಜ ಹತ್ತಿದ. ಮಾರುತೇಶ ಓಬಳೇಶನ ಮುಖವನ್ನು ಇನ್ನೊಮ್ಮೆ ನೋಡಿ, ಓಡಿಹೋಗಿ ಹತ್ತಿದ. ಮೂವರು. ಚಹಾ ಲೋಟ ಹಿಡಿದು ಬಾಗಿಲಿಗೆ ಬಂದಿದ್ದ ವಿಚಾರಣಾಧಿಕಾರಿ ಮತ್ತು ಗಂಗಾಧರಪ್ಪನವರು ಗಾಡಿ ಗೇಟು ದಾಟುವ ತನಕ ನೋಡಿ ಒಳಗೆ ಹೋದರು.

ಓಬಳೇಶ ಫೋನಿನ ಕೋಣೆಗೆ ಬಂದ. ಮೂರ್ತಪ್ಪ ಕನ್ನಡಕ ಹಾಕಿಕೊಂಡು ಕರೆ ಪುಸ್ತಕ ತುಂಬುತ್ತಿದ್ದ. ಉಗ್ರಪ್ಪ, ಮಾರುತೇಶ, ನಾಗರಾಜ. ಆಮೇಲೆ ಇನ್ನಿಬ್ಬರು. ಆರನೆಯದು ಓಬಳೇಶ.

"ನನ್ನ ಹೆಸರು ಹೊಡ್ದು ಹಾಕಣ್ಣ."

"ಹೊಡ್ದ್ರೆ ಐದಾಗ್ತಾವಲ್ಲಪ್ಪ."

"ಆಗ್ಲಿ."

"ರಜದಾಗಿರೋರು ಇಬ್ರು ಆಗ್ಲೇ ಸೇರವ್ರೆ. ಇನ್ಯಾರನ್ನ ತರ್ಲಿ ನಾನು? ನೀನು ಇಲ್ಲೇ ಇದೀಯಲ್ಲ, ಇದ್ದೋನ ಹೆಸರು ಬರೆಯೋದು ಸುಳ್ಳೇನಲ್ಲ."

ಓಬಳೇಶ ಪುಸ್ತಕದ ಮೇಲೆ ಎಡಗೈ ಊರಿ ನಿಂತ. ಮೂರ್ತಪ್ಪ ಕೈಯನ್ನೂ ಅವನ ಮುಖವನ್ನೂ ನೋಡಿದ. ಗಾಡಿಯ ಸದ್ದು ಹೊಸದುರ್ಗದ ತಿರುವಿನಲ್ಲಿ ಕರಗಿತು. ಸ್ವಲ್ಪ ಹೊತ್ತಿನ ಮೇಲೆ ಮೂರ್ತಪ್ಪ ಸ್ಕೇಲು ಹುಡುಕಿ ತಂದು, ಆ ಹೆಸರಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದ. ಓಬಳೇಶ ಕೈ ತೆಗೆದು ಹೊರಗೆ ನಡೆದ. ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ ಮೂರ್ತಪ್ಪ ಗೆರೆಯ ಪಕ್ಕದಲ್ಲಿ, ನಾಲ್ಕು ತಿಂಗಳಿಂದ ಬೇರೆ ತಾಲ್ಲೂಕಿನಲ್ಲಿ ನಿಯೋಜನೆಯ ಮೇಲಿದ್ದ ಎತ್ತಪ್ಪನ ಹೆಸರು ಬರೆದು ಆರು ಮಾಡಿದ್ದ.